ಕ್ಷಮೆ ಕೇಳಿದ ದೆವ್ವ

ವ್ರಾತ್ಸಾ ಊರಿನ ಹಲ್ಲಿನ ವೈದ್ಯರ ಬಾಗಿಲಲ್ಲಿ ನೆವೆನಾ ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದಳು. ಪಕ್ಕದ ಬೆಂಚಿನಲ್ಲಿ ಕಪ್ಪು ಬಟ್ಟೆಯ ವಿಧವೆ ದೊಬ್ರಿಂಕಾ ಮತ್ತು ಅವಳ ನಾದಿನಿ ತ್ಸೋಂಕಾ ಹಿಂದಿನ ಸಂಜೆಯ ಧಾರಾವಾಹಿಯ ವಿಷಯಕ್ಕೆ ಜಗಳಕ್ಕೆ ಬಿದ್ದಿದ್ದರು.

“ನಲವತ್ತು ಕಂತು ಪೊಲೀಸರು ಕೊಲೆಗಾರನ್ನ ಹುಡುಕಿದ್ರು, ಅತ್ತಿಗೆ. ನಿನ್ನೆ ಸತ್ತವನೇ ದೆವ್ವ ಆಗಿ ಬಂದು ಹೆಂಡ್ತಿಗೆ ಹೆಸರು ಹೇಳ್ಬಿಟ್ಟ! ಮೊದಲ್ನೇ ದಿನಾನೇ ಬರೋಕೆ ಅವನಿಗೇನು ಬಸ್ಸು ತಪ್ಪಿತ್ತಾ?”

“ನಂಗಂತೂ ಅಳು ಬಂತು ಕಣೇ.”

“ಕೊಟ್ಟಿಗೇಲಿ ಸಿಕ್ಕ ಕೈಗವಸು, ಸುಳ್ಳು ಹೇಳಿದ ಪಾದ್ರಿ, ಎಷ್ಟು ಚೆನ್ನಾಗಿ ಹೆಣೆದಿದ್ರು! ಗಂಟು ಬಿಡಿಸೋಕೆ ಬರ್ದೇ ಇದ್ರೆ ಹೆಣ ಎಬ್ಬಿಸೋದು. ಬರೆಯೋನ ಸೋಮಾರಿತನ, ಅಷ್ಟೇ.”

“ಕೊಲೆಗಾರ ಯಾರಾದ್ರೆ ನಂಗೇನು? ‘ನಿನಗೆ ಅನ್ಯಾಯ ಮಾಡ್ದೆ, ಕ್ಷಮಿಸು’ ಅಂತ ಹೆಂಡ್ತಿ ಮುಂದೆ ಕೂತು ಕೇಳ್ದನಲ್ಲ, ಅದಕ್ಕೇ ಅಳು ಬಂದಿದ್ದು.”

“ಅದೇ ದೊಡ್ಡ ಸುಳ್ಳು! ಬೀಗ ಹಾಕಿದ ಬಾಗಿಲು ತೂರಿ ಬಂದ ಅಂದ್ರೆ ನಂಬ್ತೀನಿ. ಗಂಡಸು ಕ್ಷಮೆ ಕೇಳ್ದ ಅಂದ್ರೆ ನಂಬಲ್ಲ.”

ನೆವೆನಾಳಿಗೆ ನಗು ಬಂದು ಹಲ್ಲು ಝುಮ್ಮೆಂದಿತು. ದೊಬ್ರಿಂಕಾ ಮಾತ್ರ ನಗಲಿಲ್ಲ.

“ನಿಮ್ಮಣ್ಣ ಅಷ್ಟು ಹೊಡೆದ್ರೂ ಒಂದು ಸಲಾನೂ ಕೇಳ್ಲಿಲ್ಲ, ತ್ಸೋಂಕಾ. ಟೀವಿಲಾದ್ರೂ ಒಬ್ಬ ಕೇಳ್ಲಿ ಬಿಡು.”

ತ್ಸೋಂಕಾ ತಗ್ಗಿದ ದನಿಯಲ್ಲಿ ಹೇಳಿದಳು: “ಪಕ್ಕದ ಕೋಣೇಲಿ ನಂಗೆ ಕೇಳಿಸ್ತಿತ್ತು ಅತ್ತಿಗೆ. ಟೀವಿ ಸದ್ದು ಜೋರು ಮಾಡ್ಕೊಂಡು ಕೂತಿರ್ತಿದ್ದೆ.”

ಅಷ್ಟರಲ್ಲಿ ನರ್ಸು ದೊಬ್ರಿಂಕಾಳ ಹೆಸರು ಕೂಗಿದಳು. ಅವಳು ಎದ್ದು ಕೈಚೀಲವನ್ನು ನಾದಿನಿಯ ಮಡಿಲಿಗೆ ಹಾಕಿದಳು.

“ಗೊತ್ತು ಕಣೇ. ಯಾವ ಧಾರಾವಾಹಿ ಅಂತಾನೂ ಗೊತ್ತು,” ಎಂದು ಒಳಗೆ ನಡೆದಳು.