ಸೊಟ್ಟ ಪ್ರೊಪೆಲರ್ ಮತ್ತು ಲೈಲನ ಹತ್ತು ಅಂಕ

ವೇದಿಕೆಯ ಮೇಲಿರುವ ಅಧ್ಯಕ್ಷೆ ಬರ್ನಿಸ್ ಅವರೇ, ನನಗೆ ವಿಮಾನ ಹಾರಿಸಲು ಕಲಿಸಿದ ಗುರುಗಳಾದ ಆರ್ವಲ್ ಅವರೇ, ನಮ್ಮ ವಿಮಾನ ಕ್ಲಬ್ಬಿನ ಸದಸ್ಯರೇ, ಊಟ ಮುಗಿದರೂ ಎದ್ದು ಹೋಗದೆ ಕುಳಿತಿರುವ ಸಹೃದಯ ಸಭಿಕರೇ,

ನನಗೆ ಪೈಲಟ್ ಲೈಸೆನ್ಸ್ ಬಂದ ಸಂತೋಷಕ್ಕೆ ತಾವು ಕೊಟ್ಟಿರುವ ಕಾಣಿಕೆ ಈ ಸೊಟ್ಟ ಪ್ರೊಪೆಲರ್. ಸೊಟ್ಟ ಮಾಡಿದವಳೂ ನಾನೇ. ಇದಕ್ಕಿಂತ ತಕ್ಕ ಕಾಣಿಕೆ ಉಂಟೇ? ನಮ್ಮ ಡಕೋಟ ಸೀಮೆಯ ಹಿಮದಲ್ಲಿ ಅಷ್ಟು ವರ್ಷ ಶಾಲೆಯ ಬಸ್ಸು ಓಡಿಸಿದೆ, ಒಂದು ಕನ್ನಡಿಯನ್ನೂ ಒಡೆಯಲಿಲ್ಲ. ಆಗ ಯಾರೂ ಏನೂ ಕೊಡಲಿಲ್ಲ.

ಜೂನ್ ತಿಂಗಳಲ್ಲಿ ನಮ್ಮ ಕ್ಲಬ್ಬು ಇಲ್ಲಿ ನಡೆಸುವ ಪ್ಯಾನ್‌ಕೇಕ್ ಉಪಾಹಾರದ ದಿನ ನಾನು ಮೊದಲ ಬಾರಿಗೆ ಒಬ್ಬಳೇ ಹಾರಿದೆ. ರನ್‌ವೇ ಪಕ್ಕ ಕುರ್ಚಿ ಹಾಕಿಕೊಂಡು, ಇಳಿದ ಪ್ರತಿ ವಿಮಾನಕ್ಕೂ ಹಲಗೆ ಎತ್ತಿ ಅಂಕ ಕೊಡುವುದು ನಮ್ಮ ಪದ್ಧತಿಯಲ್ಲವೇ? ನನ್ನ ಗಂಡ ಲೈಲ್ ಬಾಗಿಲಷ್ಟು ದೊಡ್ಡ ಹಲಗೆಯ ಮೇಲೆ ಹಿಂದಿನ ದಿನವೇ ಹತ್ತಕ್ಕೆ ಹತ್ತು ಎಂದು ಬರೆದಿಟ್ಟಿದ್ದ. ನನ್ನ ಅಡುಗೆಗೆ ‘ಪರವಾಗಿಲ್ಲ’ ಎನ್ನುವುದೇ ಈ ಮನುಷ್ಯನ ದೊಡ್ಡ ಹೊಗಳಿಕೆ. ಅಂಥವನು ನನ್ನ ಚಕ್ರ ನೆಲ ಮುಟ್ಟುವ ಮೊದಲೇ ಹಲಗೆ ಎತ್ತಿ ಹಿಡಿದು ನಿಂತಿದ್ದ.

ವಿಮಾನ ನೆಲಕ್ಕೆ ಬಡಿದು ಪುಟಿಯಿತು. ಆಗ ಏನು ಮಾಡಬೇಕು? ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು ಮೇಲೇರಬೇಕು, ಒಂದು ಸುತ್ತು ಹಾಕಿ ಮತ್ತೆ ಬರಬೇಕು. ಹೇಳಿ ಹೇಳಿ ಆರ್ವಲ್ ಅವರ ಗಂಟಲು ಒಣಗಿತ್ತು. ಆದರೆ ಆ ಹತ್ತು ನನ್ನ ಕಣ್ಣಿಗೆ ಬಿತ್ತು. ಅದನ್ನು ಹಿಡಿದು ನಿಂತವನ ಮುಂದೆ ಇಳಿಯದೆ ಹೋಗುವುದು ಹೇಗೆ? ವಿಮಾನದ ಮೂತಿಯನ್ನು ಬಲವಂತವಾಗಿ ನೆಲಕ್ಕೆ ಒತ್ತಿದೆ. ಮುಂದಿನ ಚಕ್ರ ಮುರಿಯಿತು, ಪ್ರೊಪೆಲರ್ ಹೀಗಾಯಿತು. ಹಲಗೆ ನೋಡಿ ಹೀಗೆ ಮಾಡಿದೆ ಎಂಬುದನ್ನು ಲೈಲ್ ಕೇಳುತ್ತಿರುವುದು ಈಗಲೇ ಮೊದಲು. ಕೂತ್ಕೋ ಲೈಲ್, ತಪ್ಪು ನಿಂದಲ್ಲ.

ಅವನು ಓಡಿ ಬಂದು ಬಾಗಿಲು ಕಿತ್ತು ತೆಗೆದ. “ಎಲ್ಲಾದ್ರೂ ಪೆಟ್ಟಾಯ್ತೇನೇ?”

“ಇಲ್ಲ. ಆದ್ರೆ ಇನ್ನು ನಾನು ಹಾರಲ್ಲ.”

“ಸರಿ, ಮೊದ್ಲು ಇಳಿ. ಪ್ಯಾನ್‌ಕೇಕ್ ತಣ್ಣಗಾಗ್ತಿದೆ.”

ಅಲ್ಲಿಂದ ಬೇಸಿಗೆ ಮುಗಿಯುವವರೆಗೂ ನಾನು ಇತ್ತ ತಲೆ ಹಾಕಲಿಲ್ಲ. ಕೊನೆಗೆ ಆರ್ವಲ್ ಅವರೇ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತರು. “ಮಾರ್ಲಿಸ್, ಇಳಿಯೋದು ನಿಂಗೆ ಬರುತ್ತೆ. ಇಳೀದೆ ಹೋಗೋದು ಬರಲ್ಲ. ಅದೊಂದು ಕಲ್ತುಬಿಡು” ಎಂದರು. ಮತ್ತೆ ಪಕ್ಕದಲ್ಲಿ ಕೂತು ಕಲಿಸಿದರು.

ಸುಗ್ಗಿಯ ಉಪಾಹಾರದ ದಿನ ಮತ್ತೆ ಒಬ್ಬಳೇ ಹಾರಿದೆ. ಅದೇ ಜನ, ಅದೇ ಗಂಡ, ಅದೇ ಹಲಗೆ. ವಿಮಾನ ಮತ್ತೆ ಪುಟಿಯಿತು. ಈ ಸಲ ನಾನು ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು ಮೇಲೆದ್ದೆ. ಕೆಳಗೆ ತಟ್ಟೆ ಹಿಡಿದವರೆಲ್ಲ ಕತ್ತೆತ್ತಿ ನೋಡಿದಿರಿ. ಸಭಿಕರೇ, ನನ್ನ ಹೆಮ್ಮೆ ಲೈಸೆನ್ಸಿನದಲ್ಲ, ಹಾಗೆ ಮೇಲೆದ್ದದ್ದರದು. ಎಲ್ಲರೂ ನೋಡುತ್ತಿರುವಾಗ ‘ಇದು ಸರಿಯಾಗಲಿಲ್ಲ, ಬಿಟ್ಟೆ’ ಎನ್ನುವುದು ನನ್ನಿಂದ ಅದುವರೆಗೆ ಆಗಿರಲಿಲ್ಲ. ಕೆಲಸದಲ್ಲಿ ಆಗಲಿಲ್ಲ, ಚರ್ಚಿನಲ್ಲಿ ಆಗಲಿಲ್ಲ, ಮದುವೆಯಲ್ಲೂ ಆಗಲಿಲ್ಲ. ಮದುವೆ ಅಂದದ್ದು ಮಾತಿಗೆ, ಲೈಲ್.

ಒಂದು ಸುತ್ತು ಹಾಕಿ ಬಂದು ಮೆತ್ತಗೆ ಇಳಿದೆ. ಆಗ ಲೈಲ್ ಎತ್ತಿ ಹಿಡಿದ ಹತ್ತು ನನಗೆ ಕಂಡಿತೇ ಎಂದು ಹಲವರು ಕೇಳಿದ್ದೀರಿ. ಕಾಣಲಿಲ್ಲ. ನಾನು ರನ್‌ವೇ ನೋಡುತ್ತಿದ್ದೆ.

ಕಾಫಿ ತಮಗಾಗಿ ಕಾದಿದ್ದರೂ ನನ್ನ ಮಾತು ಕೇಳಿದ ತಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.