ಕುಡಿದ ನೀರಿಗೊಂದು ಬಾಗಿಲು

ನೀರಿನ ಜಗ್ಗಿಗೆ ಅತಿ ಸಮೀಪದಲ್ಲಿ ಆಸೀನರಾಗಿರುವ ಮಾನ್ಯ ಅಧ್ಯಕ್ಷೆಯವರೇ, ದೀರ್ಘವಾಗಿ ಮಾತನಾಡಿ ಈಗ ಸುಧಾರಿಸಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ನಮ್ಮ ಕಾರ್ಖಾನೆಯ ವ್ಯವಸ್ಥಾಪಕರೇ, ಕತ್ತರಿ, ಹೊಲಿಗೆ, ಗುಂಡಿ, ಇಸ್ತ್ರಿ ಎಲ್ಲ ವಿಭಾಗಗಳ ನನ್ನ ಅಕ್ಕತಂಗಿಯರೇ, ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿರುವ ಅಣ್ಣತಮ್ಮಂದಿರೇ, ಒಟ್ಟಾರೆ ಸಭಿಕರೇ,

ಇವತ್ತು ನನಗೆ ಸನ್ಮಾನವಂತೆ. ಫಲಕವೊಂದನ್ನು ಆಗಲೇ ನನ್ನ ಕೈಗೆ ಕೊಟ್ಟು, ಫೋಟೊ ತೆಗೆದು, ಮತ್ತೆ ಕಸಿದುಕೊಂಡು ಡಬ್ಬಿಯಲ್ಲಿಟ್ಟಿದ್ದಾರೆ. ಅದರ ಮೇಲೆ ‘ಆರೋಗ್ಯ ಪಾನೀಯ ಯೋಜನೆಯ ರೂವಾರಿ’ ಎಂದು ಕೆತ್ತಿಸಿದ್ದಾರೆ. ನಾನು ಈ ಕಾರ್ಖಾನೆಯ ನರ್ಸು. ನನ್ನ ಕೋಣೆಯಲ್ಲಿ ಒಂದು ಮಂಚ, ಒಂದು ಬಿಪಿ ಯಂತ್ರ, ಸೂಜಿ ಚುಚ್ಚಿಕೊಂಡ ಬೆರಳುಗಳಿಗೆ ಒಂದಿಷ್ಟು ಬ್ಯಾಂಡೇಜು ಇವೆ. ಅಲ್ಲಿ ಕುಳಿತು ನಾನು ಯಾವ ಯೋಜನೆಯನ್ನೂ ರೂಪಿಸಲಿಲ್ಲ. ನನ್ನಿಂದಾಗಿದ್ದು ಇಷ್ಟೇ: ಹೋದ ವರ್ಷ ಇದೇ ವೇದಿಕೆಯ ಮೇಲೆ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು, ಹೇಳಿದೆ. ಅದನ್ನು ಯಾರೋ ಕೇಳಿಸಿಕೊಂಡರು. ಭಾಷಣ ಮಾಡುವವರಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿದೆಯೇ?

ಹೋದ ವರ್ಷ ನಾನು ಏನು ಹೇಳಿದ್ದೆ? ಮರೆತವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಬೆವರು ಬರೀ ನೀರಲ್ಲ, ಅದರಲ್ಲಿ ಉಪ್ಪೂ ಹೋಗುತ್ತದೆ. ಸಂಜೆ ರವಿಕೆಯ ಬೆನ್ನಿನ ಮೇಲೆ ಬಿಳಿ ಗೆರೆ ಮೂಡುತ್ತದಲ್ಲ, ಅದು ನಿಮ್ಮ ಮೈಯಿಂದಲೇ ಹೊರಟ ಉಪ್ಪು. ಇಸ್ತ್ರಿ ವಿಭಾಗದ ಹಬೆಯಲ್ಲಿ ಹೊತ್ತುಗಟ್ಟಲೆ ಬೆವರಿದವರು ಒಂದೇ ಸಮನೆ ಬರೀ ನೀರನ್ನು ಸುರಿದುಕೊಂಡರೆ ಮೈಯ ಉಪ್ಪು ಇನ್ನಷ್ಟು ತೆಳುವಾಗುತ್ತದೆ, ತಲೆ ತಿರುಗುತ್ತದೆ, ಕುಡಿದ ನೀರಿನಲ್ಲಿ ಬಹುಪಾಲು ಬೇಗನೆ ಹೊರಗೆ ಹೋಗುತ್ತದೆ. ಅದಕ್ಕೇ ಅಂಥವರ ನೀರಿಗೆ ಚೂರು ಉಪ್ಪು, ಸ್ವಲ್ಪ ಸಕ್ಕರೆ ಹದವಾಗಿ ಬೆರೆತಿರಬೇಕು. ಸಕ್ಕರೆ ಯಾಕೆ? ರುಚಿಗಲ್ಲ. ಕರುಳಿನಲ್ಲಿ ಉಪ್ಪು ಮತ್ತು ಸಕ್ಕರೆ ಜೊತೆಯಾಗಿ ಒಳಗೆ ಹೋಗುತ್ತವೆ, ನೀರನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತವೆ. ಹಾಗೆ ಹೋದ ನೀರು ಮೈಯಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಹದ ತಪ್ಪಿ ಉಪ್ಪು ಜಾಸ್ತಿಯಾದರೆ ಅದೂ ಕೆಡುಕೇ. ಮತ್ತೆ, ಬೆವರದವರಿಗೆ, ಹೊತ್ತಿಗೆ ಸರಿಯಾಗಿ ಉಣ್ಣುವವರಿಗೆ ಇದು ಯಾವುದೂ ಬೇಡ, ಬರೀ ನೀರೇ ಸಾಕು. ಇಷ್ಟನ್ನೂ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಮಾರನೆಯ ದಿನ ವ್ಯವಸ್ಥಾಪಕರು ನನ್ನನ್ನು ಕರೆಸಿದರು. ಅವರ ಕೋಣೆಯಲ್ಲಿ ಏಸಿ ಎಷ್ಟು ಜೋರೆಂದರೆ ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್ ಸದಾ ನೇತಾಡುತ್ತಿರುತ್ತದೆ.

"ಸಿಸ್ಟರ್, ನಿನ್ನೆ ತುಂಬ ಚೆನ್ನಾಗಿ ಮಾತಾಡಿದ್ರಿ. ಆ ಉಪ್ಪು ಸಕ್ಕರೆ ನೀರು ಕುಡಿದ್ರೆ ಒಳಗೇ ನಿಲ್ಲುತ್ತೆ ಅಂದ್ರಲ್ಲ, ಹಾಗಾದ್ರೆ ಇವ್ರು ಪದೇ ಪದೇ ಎದ್ದು ಹೋಗ್ಬೇಕಾಗಲ್ಲ ಅಲ್ವಾ?"

"ಸ್ವಲ್ಪ ಕಡಿಮೆ ಆಗ್ಬಹುದು ಸರ್. ಅಂದ್ರೆ..."

"ಅಷ್ಟು ಸಾಕು ಬಿಡಿ."

ನನ್ನ ‘ಅಂದ್ರೆ’ ಇವತ್ತಿನವರೆಗೂ ಆ ಕೋಣೆಯಲ್ಲೇ ಚಳಿಗೆ ನಡುಗುತ್ತಾ ಕುಳಿತಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಾರಲ್ಲ, ಹಾಗಾಯಿತು. ಒಂದು ವಾರದೊಳಗೆ ಮೂಲೆಗೆ, ನಲ್ಲಿ ಇರುವ ಒಂದು ಪಾನೀಯದ ಡ್ರಮ್ಮು ಬಂತು. ಡ್ರಮ್ಮಿನ ಮೇಲೆ ನಗುವ ಹೆಂಗಸಿನ ಚಿತ್ರ ಬಂತು. ಅದರ ಹಿಂದೆಯೇ ಹೊಸ ನಿಯಮವೂ ಬಂತು.

ಮುಖ್ಯ ಅತಿಥಿಗಳಿಗೆ ಗೊತ್ತಿರಲಾರದು, ಅವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಹೆಂಗಸರ ಶೌಚಾಲಯಕ್ಕೆ ಮೊದಲಿನಿಂದಲೂ ಬೀಗ ಉಂಟು. ಒಳಗೆ ಚಿನ್ನ ಇಟ್ಟಿಲ್ಲ. ಒಂದು ಬಕೆಟ್ಟು, ಒಂದು ಮಗ್ಗು, ಅರ್ಧ ಕನ್ನಡಿ ಇವೆ. ಬೀಗದ ಕೈ ಸೂಪರ್‌ವೈಸರ್ ಅಮ್ಮನವರ ಹತ್ತಿರ ಇರುತ್ತದೆ. ಅವರಿಗೆ ಹೊಲಿಗೆ ಲೈನಿನವರು ‘ಬೀಗದಮ್ಮ’ ಎಂದು ಹೆಸರಿಟ್ಟಿದ್ದಾರೆ. ಅವರೂ ಇಲ್ಲೇ ಮೂರನೆಯ ಸಾಲಿನಲ್ಲಿ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರನ್ನು ಬೈಯುವವರು ಮೇಲೆ ಬೇರೆ ಇದ್ದಾರೆ. ಮೊದಲು ಕೇಳಿದರೆ ಗೊಣಗುತ್ತಲಾದರೂ ಬೀಗದ ಕೈ ಕೊಡುತ್ತಿದ್ದರು. ಪಾನೀಯ ಬಂದ ಮೇಲೆ ಊಟದ ಗಂಟೆ ಹೊಡೆಯುವವರೆಗೆ ಕೊಡುವಂತಿಲ್ಲ. ಯಾಕೆ? ನರ್ಸಮ್ಮನೇ ಹೇಳಿದ್ದಾರಲ್ಲ, ಒಳಗೇ ನಿಲ್ಲುತ್ತದೆ ಎಂದು.

ಸಭಿಕರೇ, ತುಸು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದೆ. ಸಂಸಾರ ಹೂಡುತ್ತದೆ ಎಂದೆನೇ?

ಆಮೇಲೆ ಏನಾಯಿತು? ಆಗಬೇಕಾದದ್ದೇ ಆಯಿತು. ಹೆಂಗಸರು ಪಾನೀಯವನ್ನೂ ಕುಡಿಯಲಿಲ್ಲ, ನೀರನ್ನೂ ಬಿಟ್ಟರು. ಡ್ರಮ್ಮು ಬೆಳಿಗ್ಗೆ ತುಂಬಿದ್ದು ಸಂಜೆಯೂ ತುಂಬಿಕೊಂಡೇ ಇರುತ್ತಿತ್ತು. ಮೇಲಿನವರು ಸೇರಿ ಚರ್ಚಿಸಿ ಒಂದು ತೀರ್ಮಾನಕ್ಕೆ ಬಂದರು, ಬಣ್ಣ ಚೆನ್ನಾಗಿಲ್ಲವೆಂದು. ಕಿತ್ತಳೆ ಬಣ್ಣ ಹಾಕಿಸಿದರು. ಅದಕ್ಕೂ ಯಾರೂ ಬಾಯಿ ಹಚ್ಚದಿದ್ದಾಗ ಹಸಿರು ಮಾಡಿಸಿದರು. ನಾನು ವ್ಯವಸ್ಥಾಪಕರ ಬಾಗಿಲಿಗೆ ಅಲೆದೆ, ಅವರು ಮೀಟಿಂಗಿನಲ್ಲಿದ್ದರು. ಮತ್ತೆ ಅಲೆದೆ, ಬಣ್ಣದ ಬಗ್ಗೆ ಮೀಟಿಂಗಿನಲ್ಲಿದ್ದರು. ಯೋಜನೆಯನ್ನು ನಿಷ್ಠೆಯಿಂದ ಪಾಲಿಸಿದವರೆಂದರೆ ಅವರೊಬ್ಬರೇ. ಆ ಏಸಿಯಲ್ಲಿ ಸ್ವೆಟರ್ ಹಾಕಿಕೊಂಡು ದಿನವೂ ಲೋಟಗಟ್ಟಲೆ ಉಪ್ಪಿನ ಪಾನೀಯ ಕುಡಿದರು. ಅವರಿಗೆ ಬಿಪಿ ಇದೆ. ಬೇಡ ಸರ್, ಬೆವರದವರಿಗೆ ಬೇಡ ಎಂದು ನಾನು ಗೋಗರೆದದ್ದು ಗೋಡೆಗೆ ಹೇಳಿದಂತಾಯಿತು. ನಗಬೇಡಿ ಸರ್, ನಾಳೆ ಬೆಳಿಗ್ಗೆ ಬಂದು ತೋರಿಸಿಕೊಂಡು ಹೋಗಿ.

ಇಸ್ತ್ರಿ ವಿಭಾಗದ ಒಬ್ಬಳು ಮೀನಖಂಡ ಹಿಡಿದುಕೊಂಡು ಕುಂಟುತ್ತಾ ನನ್ನ ಕೋಣೆಗೆ ಬಂದಳು. ತುಟಿ ಒಡೆದಿತ್ತು. ನಾಡಿ ಓಡುತ್ತಿತ್ತು.

"ಯಾಕಮ್ಮಾ, ಹೊರಗೆ ಡ್ರಮ್ಮಿನ ತುಂಬ ಇಟ್ಟಿದಾರಲ್ಲ, ಒಂದು ಲೋಟ ಕುಡಿಯೋಕೇನು?"

"ಕುಡಿದ್ರೆ ಕೀ ಕೇಳ್ಬೇಕಲ್ಲ ಸಿಸ್ಟರ್."

ನನಗೆ ಅವಳ ಮೇಲೆ ರೇಗಿತು. ಆಮೇಲೆ ನನ್ನ ಮೇಲೆ ರೇಗಿತು. ಆಮೇಲೆ ಆ ನಗುವ ಹೆಂಗಸಿನ ಚಿತ್ರದ ಮೇಲೆ ರೇಗಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಗಾದೆ ಇದೆ. ಸರಿ, ಕುಡಿಯುತ್ತಾರೆ. ಕುಡಿದ ಮೇಲೆ? ಗಾದೆ ಅಲ್ಲಿಗೇ ನಿಂತುಬಿಡುತ್ತದೆ. ಗಾದೆ ಕಟ್ಟಿದವರು ಗಂಡಸರಿರಬೇಕು, ಅವರಿಗೆ ಯಾವ ಗೋಡೆಯಾದರೂ ಆಗುತ್ತದೆ.

ಅಧ್ಯಕ್ಷೆಯವರಿಂದ ಒಂದು ಚೀಟಿ ಬಂದಿದೆ. ‘ದಯವಿಟ್ಟು ಬೇಗ ಮುಗಿಸಿ’ ಎಂದಿದೆ. ಆಗಲಿ ಮೇಡಂ. ಇನ್ನು ಎರಡೇ ಮಾತು. ಮುಖ್ಯ ಅತಿಥಿಗಳೂ ಇದನ್ನೇ ಹೇಳಿ ಮೂರು ಸಲ ನೀರು ಕುಡಿದಿದ್ದರು, ನೀವೂ ಅವರ ಜೊತೆಗೆ ಕುಡಿದಿರಿ, ನಾನು ನೋಡುತ್ತಿದ್ದೆ. ಕುಡಿದದ್ದು ಒಳ್ಳೆಯದೇ.

ನನಗೊಬ್ಬಳು ಅಕ್ಕ ಇದ್ದಾಳೆ. ಹಳಬರಿಗೆ ಗೊತ್ತು, ಕಾಲರ್ ಕೂರಿಸುವುದರಲ್ಲಿ ಅವಳನ್ನು ಮೀರಿಸಿದವರು ಈ ಕಾರ್ಖಾನೆಯಲ್ಲಿ ಇರಲಿಲ್ಲ. ನಮ್ಮ ಅಮ್ಮ ಬೇಗ ತೀರಿಕೊಂಡಳು, ನನ್ನನ್ನು ನರ್ಸಿಂಗ್ ಓದಿಸಿದ್ದು ಅಕ್ಕನ ಹೊಲಿಗೆಯೇ. ಅವಳು ಬೆಳಿಗ್ಗೆ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಯಾಕೆ ಎಂದರೆ "ನಂಗೆ ಬಾಯಾರಿಕೆನೇ ಆಗಲ್ಲ ಕಣೇ, ಒಂಟೆ ಜಾತಿ ನಂದು" ಎನ್ನುತ್ತಿದ್ದಳು. ನಾನು ಓದುವ ಹುಡುಗಿ, ಮನೆಯಲ್ಲಿ ಒಂಟೆ ಇದೆ ಎಂದು ನಗುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಎರಡು ಗುಟುಕು, ಸಂಜೆ ಮನೆಗೆ ಬಂದ ಮೇಲೆ ಗಟಗಟ. ಹೀಗೆ ವರ್ಷಗಟ್ಟಲೆ. ನಾನು ಕಲಿತು ಇಲ್ಲಿಗೇ ನರ್ಸಾಗಿ ಬಂದ ಮೇಲೆ, ಬೀಗದ ಕೈ ಕೇಳಲು ಸಾಲಿನಲ್ಲಿ ನಿಂತವರನ್ನು ನೋಡಿದಾಗ, ಒಂಟೆ ಎಂಬ ಜಾತಿ ಹೇಗೆ ಹುಟ್ಟುತ್ತದೆ ಎಂದು ಗೊತ್ತಾಯಿತು.

ಈಗ ಅವಳ ಮೂತ್ರಪಿಂಡ ಕೈಕೊಟ್ಟಿದೆ. ನೀರು ಕುಡಿಯದ್ದರಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ಇದಕ್ಕೆ ಹತ್ತು ಕಾರಣ ಇರಬಹುದು ಎನ್ನುತ್ತಾರೆ. ಇರಬಹುದು, ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಈಗ ಅವಳಿಗೆ ಉಪ್ಪು ಅಳತೆ, ನೀರು ಅಳತೆ. ಬೆಳಿಗ್ಗೆ ಒಂದು ಬಾಟಲಿಗೆ ನಾನೇ ಹಾಕಿಟ್ಟು ಬರುತ್ತೇನೆ, ರಾತ್ರಿಯವರೆಗೆ ಅಷ್ಟೇ. ಒಂಟೆಗೆ ಈಗ ದಿನವಿಡೀ ಬಾಯಾರಿಕೆ. ಶೌಚಾಲಯ ಮಂಚದ ಪಕ್ಕದಲ್ಲೇ ಇದೆ, ಬಾಗಿಲಿಗೆ ಚಿಲಕ ಕೂಡ ಇಲ್ಲ. ಸಂಜೆ ನಾನು ಮನೆಗೆ ಹೋಗುವಷ್ಟರಲ್ಲಿ ಅವಳು ಬಾಟಲಿಯ ತಳದ ಗುಟುಕನ್ನು ಬೆಳಕಿಗೆ ಹಿಡಿದು ನೋಡುತ್ತಾ ಕುಳಿತಿರುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ. ನೋಡದೆ ಇರಲೂ ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಹೊರಡುವಾಗ ಕೇಳಿದಳು, "ಇವತ್ತೇನೇ ಭಾಷಣ?"

"ನೀರು ಕುಡೀರಿ ಅಂತ ಕಣೇ ಅಕ್ಕ."

ಅವಳು ನಕ್ಕಳು. "ನನ್ನ ಪಾಲಿಂದೂ ಅವ್ರಿಗೇ ಕುಡಿಸು."

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದವಳಲ್ಲ. ಉಪ್ಪಿನ ವಿಷಯ ಹೇಳಬೇಕಿತ್ತು, ಪೊಟ್ಯಾಸಿಯಂ ವಿಷಯವೂ ಇತ್ತು. ಅದು ಇರಲಿ.

ಅಧ್ಯಕ್ಷೆಯವರಿಂದ ಇನ್ನೊಂದು ಚೀಟಿ ಬಂದಿದೆ. ಇದನ್ನು ನಾನು ಓದಿ ಹೇಳುವುದಿಲ್ಲ. ಇದರಲ್ಲಿರುವ ಪ್ರಶ್ನೆಯನ್ನು ಈ ಕಾರ್ಖಾನೆಯಲ್ಲಿ ದಿನವೂ ಕೇಳುತ್ತಾರೆ, ತಲೆ ತಗ್ಗಿಸಿ, ಪಿಸುದನಿಯಲ್ಲಿ. ನೀವು ಚೀಟಿಯಲ್ಲಿ ಬರೆದಿರಿ, ಅಷ್ಟೇ ವ್ಯತ್ಯಾಸ. ಅಧಿಕಾರಿಗಳ ಶೌಚಾಲಯ ಆಚೆ ಕಟ್ಟಡದ ಮೇಲಿನ ಮಹಡಿಯಲ್ಲಿದೆ, ಇಲ್ಲಿಗೆ ಹತ್ತಿರ ಇರುವುದು ನಮ್ಮದೊಂದೇ. ಸೂಪರ್‌ವೈಸರ್ ಅಮ್ಮ ಅತಿಥಿಗಳನ್ನು ಎದುರುಗೊಳ್ಳಲು ಹೊರಟಾಗ ಬೀಗದ ಕೈಯನ್ನು ನನಗೆ ಕೊಟ್ಟು ಹೋದರು. "ಸಿಸ್ಟರ್, ಯಾರು ಕೇಳಿದ್ರೂ ಕಾರ್ಯಕ್ರಮ ಮುಗೀಲಿ ಅನ್ನಿ" ಎಂದರು. ಮೇಡಂ, ನಿಮಗೆ ನಾನು ಹಾಗೆ ಹೇಳಬಹುದಿತ್ತು. ಇನ್ನೂ ಅರ್ಧ ಗಂಟೆ ಮಾತನಾಡುವಷ್ಟು ಸಿಟ್ಟು ನನ್ನಲ್ಲಿದೆ, ವಂದನಾರ್ಪಣೆ ಬೇರೆ ಬಾಕಿ ಇದೆ. ಆದರೆ ನಾನು ನಿಮ್ಮನ್ನು ಕಾಯಿಸುವುದಿಲ್ಲ. ಯಾರನ್ನೂ ಕಾಯಿಸಬಾರದು, ನನ್ನ ಭಾಷಣ ಅಷ್ಟೇ.

ಬಾಗಿಲು ತೆರೆದೇ ಇದೆ ಮೇಡಂ. ವೇದಿಕೆ ಹತ್ತುವ ಮೊದಲೇ ತೆರೆದು ಬಂದೆ. ಬೀಗ ಇಲ್ಲಿದೆ, ನನ್ನ ಚೀಲದಲ್ಲಿ. ಇಗೋ, ಮೇಜಿನ ಮೇಲೆ ಇಟ್ಟೆ. ನೀವು ಹೋಗಿ ಬನ್ನಿ, ಇಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ.

ಅವರು ಬರುವಷ್ಟರಲ್ಲಿ ಮುಗಿಸುತ್ತೇನೆ. ವ್ಯವಸ್ಥಾಪಕರೇ, ಡ್ರಮ್ಮು ಇರಲಿ. ಅದು ಒಳ್ಳೆಯದು, ಹಬೆಯಲ್ಲಿ ನಿಲ್ಲುವವರಿಗೆ ಬೇಕೇ ಬೇಕು. ಬಣ್ಣ ತೆಗೆಸಿ. ಈ ಬೀಗವನ್ನು ಮತ್ತೆ ಆ ಬಾಗಿಲಿಗೆ ಹಾಕಬೇಡಿ, ಅಂಗಡಿಯಿಂದ ಇನ್ನೊಂದು ತರಿಸಲೂ ಬೇಡಿ. ಈ ಮಾತಿಗೆ ನಾಳೆ ನನ್ನನ್ನು ಮತ್ತೆ ಆ ತಣ್ಣನೆಯ ಕೋಣೆಗೆ ಕರೆಸುತ್ತೀರಿ ಎಂದು ಗೊತ್ತು. ಬರುತ್ತೇನೆ, ಸ್ವೆಟರ್ ಹಾಕಿಕೊಂಡೇ ಬರುತ್ತೇನೆ. ನೀವು ‘ಅಷ್ಟು ಸಾಕು’ ಎಂದರೆ ಈ ಸಲ ಎದ್ದು ಹೋಗುವುದಿಲ್ಲ.

ಸನ್ಮಾನ ಮಾಡಲೇಬೇಕೆಂದಿದ್ದರೆ ಆ ಫಲಕವನ್ನು ನೀವೇ ಇಟ್ಟುಕೊಳ್ಳಿ, ಈ ಬೀಗವನ್ನು ನನಗೆ ಕೊಡಿ. ಮನೆಗೆ ಒಯ್ದು ಅಕ್ಕನ ಕೈಯಲ್ಲಿಡುತ್ತೇನೆ. ಅವಳಿಗೆ ಇದರ ಭಾರ ಗೊತ್ತು.

ಇಷ್ಟು ಹೊತ್ತು ಸಹಿಸಿಕೊಂಡ ವೇದಿಕೆಗೂ, ಬಾಯಿ ಒಣಗಿದ್ದರೂ ಚಪ್ಪಾಳೆ ತಟ್ಟುತ್ತಿರುವ ನಿಮಗೂ ನಾನು ಋಣಿ. ಇಸ್ತ್ರಿಯವರು ಡ್ರಮ್ಮಿನಿಂದ ಕುಡಿಯಿರಿ, ಉಳಿದವರು ನೀರು ಕುಡಿಯಿರಿ. ಹೊಟ್ಟೆ ತುಂಬ ಕುಡಿಯಿರಿ, ಅದರಲ್ಲಿ ಒಂದು ಗುಟುಕು ನನ್ನ ಅಕ್ಕನದು. ಆಮೇಲೆ ಎದ್ದು ಹೋಗಿ, ಯಾರನ್ನೂ ಕೇಳಬೇಕಾಗಿಲ್ಲ.

ನಮಸ್ಕಾರ.