ಹಕ್ಕಿ ಹೆದರದ ಕಂಬಳಿ

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಕುರಿಗಾರನೊಬ್ಬ ಅಣ್ಣನ ಮಗಳ ಜೊತೆ ಆಡುತ್ತಿದ್ದ ಮಾತು, ಬಸ್ಸಿಗೆ ಕಾಯುತ್ತ ಹಿಂದೆ ನಿಂತಿದ್ದ ಪ್ರತಿಮಾಗೆ ಬೇಡವೆಂದರೂ ಕೇಳಿಸುತ್ತಿತ್ತು.

“ಕಾಕಾ, ಹಿನ್ನೀರಿನ ಬಾತುಗಳ ಫೋಟೋ ಮೊಬೈಲಿನಾಗ ಎಲ್ಲಾರಿಗೂ ಕಾಣೂವಂಗ ಹಾಕೇನಿ. ಇನ್ನೇನು ಹಿಮಾಲಯಕ್ಕ ಹೊಳ್ಳಿ ಹೊಕ್ಕಾವಲ್ಲ.”

“ಜಾಗಾ ಹೇಳಿಲ್ಲಲ್ಲ?”

“ಇಲ್ಲರಿ. ಕಂಬಳಿ ಹೊತ್ತು ಕುರಿ ಜೋಡಿ ಹೋದ್ರ ಹಾರಂಗಿಲ್ಲ ಅಂತಷ್ಟ ಬರದೇನಿ.”

“ಅದನ್ಯಾಕ ಬರದಿ ಬೇ?”

“ಖರೆ ಐತಲ್ಲರಿ!”

“ಮುಂಜಾನೆ ಒಬ್ಬಾಂವ ಬಂದು ಕಂಬಳಿ ಕೇಳಿದ. ನೀ ಹಾಕಿದ ಬಾತಿನ ಫೋಟೋ ತೋರಿಸಿದ. ನಿನ್ನ ಗುರ್ತಿನಾಂವ ಅಂದ್ಕೊಂಡೆ.”

“ಕೊಟ್ರೇನ್ರಿ?”

“ನಮ್ಮ ದೇವರು ಬೀರಪ್ಪನ ಕಂಬಳಿ, ಕೇಳಿದವ್ರಿಗೆ ಇಲ್ಲ ಅಂತಾರೇನು? ನಾನ ಅವಂಗ ಹೊಚ್ಚಿ, ಕುರಿ ಜೋಡಿ ಕರ್ಕೊಂಡು ಹೋಗಿ ಹಿನ್ನೀರಿನ ದಂಡಿಗೆ ಬಿಟ್ಟು ಬಂದೆ.”

“ಕ್ಯಾಮೆರಾ ಇತ್ತೇನ್ರಿ ಅವನ ಕಡೆ?”

“ಇಲ್ಲ, ಬಲೆ ಇತ್ತು. ಮೀನು ಹಿಡಿಯೋದು ಅಂದ್ಕೊಂಡೆ.”

ಹಿನ್ನೀರಿನ ಕಡೆ ಹೋಗುವ ಸಾವಳಗಿ ಬಸ್ಸು ಒಳಬಂದು ಇನ್ನೂ ನಿಂತಿರಲಿಲ್ಲ. ಕಾಕಾ, ಮಗಳು ಇಬ್ಬರೂ ಆಗಲೇ ಓಡಿ ಅದರ ಬಾಗಿಲಿಗೆ ಜೋತುಬಿದ್ದಿದ್ದರು.